ಅಚ್ಚು ಬಾಗಿದ್ದು ನನ್ನ ತೂಕಕ್ಕೋ?

ನನ್ನ ತೂಕ 104 ಕಿಲೊ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಎರಡು ವರ್ಷದ ಹಿಂದೆ ಬಿ.ಪಿ. ನೋಡಿದ ಡಾಕ್ಟರು, "ಊರೊಳಗಿನ ಓಡಾಟಕ್ಕಾದ್ರೂ ಬೈಕ್ ಬಿಟ್ಟು ಸೈಕಲ್ ಹೊಡೀರಿ" ಅಂದರು. ತಾಲ್ಲೂಕು ಕಚೇರಿ, ಎಪಿಎಂಸಿ, ಪೊಲೀಸ್ ಸ್ಟೇಷನ್, ಬಸ್ ಸ್ಟ್ಯಾಂಡು: ಸುದ್ದಿ ಹುಡುಕಲು ದಿನಾ ನಾನು ತಿರುಗುವುದು ಹತ್ತು ಹನ್ನೆರಡು ಕಿಲೋಮೀಟರ್. ಸೈಕಲ್ಲೇ ಸಾಕು. ಹನ್ನೆರಡು ಸಾವಿರ ಕೊಟ್ಟು ಒಂದು ಗೇರ್ ಸೈಕಲ್ ತಂದೆ. ಮುಂದೆ ಮೂರು, ಹಿಂದೆ ಏಳು, ಒಟ್ಟು 21 ಗೇರು.

ಹದಿನಾಲ್ಕು ತಿಂಗಳಲ್ಲಿ ಅದರ ಹಿಂದಿನ ಚಕ್ರದ ಅಚ್ಚು ಎರಡು ಸಲ ಬಾಗಿತು, ಮೂರನೇ ಸಲ ಎರಡು ತುಂಡಾಯಿತು. ತುಂಡಾದ ದಿನ ಸೈಕಲ್ ತಂದ ಅಂಗಡಿಗೇ ತಳ್ಳಿಕೊಂಡು ಹೋದೆ. ಗ್ಯಾರಂಟಿ ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ಸಾರ್, ಅದು ಸೈಕಲ್ ಪ್ರಾಬ್ಲಂ ಅಲ್ಲ, ನಿಮ್ಮ ವೇಯ್ಟ್ ಪ್ರಾಬ್ಲಂ" ಅಂದರು. ಅಲ್ಲಿದ್ದ ಹುಡುಗರು ನಕ್ಕರು. ನಾನೂ ನಕ್ಕೆ. ದಪ್ಪಗಿರುವವರು ಇಂಥ ಹೊತ್ತಿನಲ್ಲಿ ಮೊದಲು ನಗುವುದನ್ನು ಸ್ಕೂಲಿನಲ್ಲೇ ಕಲಿತಿರುತ್ತೇವೆ.

ಅಲ್ಲಿಂದ ನೇರ ಹೋಗಿದ್ದು ಬಸ್ ಸ್ಟ್ಯಾಂಡ್ ಹಿಂದಿನ ಸೈಕಲ್ ಶಾಪಿಗೆ. ಅದರ ಯಜಮಾನರಿಗೆ ಎಪ್ಪತ್ತರ ಹತ್ತಿರ. ಒಂದು ಕಾಲದಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡಲು ಮೂವತ್ತು ಸೈಕಲ್ ಇಟ್ಟಿದ್ದವರು, ಈಗ ಪಂಕ್ಚರು, ಮಕ್ಕಳ ಸೈಕಲ್ಲಿನ ರಿಪೇರಿ. ಅವರು ತುಂಡಾದ ಅಚ್ಚನ್ನು ಕೈಯಲ್ಲಿ ತಿರುಗಿಸಿ ನೋಡಿ, "ಯಾವ ಕಡೆ ಮುರುದೈತೆ ನೋಡಿದ್ಯಾ?" ಅಂತ ಕೇಳಿದರು. ಬಲಗಡೆ. "ಹೋದ ಎರಡು ಸಲ ಬೆಂಡಾಗಿದ್ದೂ ಬಲಗಡೇನೇ. ನಿನ್ ಭಾರ ಎರಡೂ ಕಡೆಗೆ ಬೀಳುತ್ತೆ ತಾನೆ? ಎಡಗಡೆ ಯಾಕೆ ಬೆಂಡಾಗ್ಲಿಲ್ಲ?" ನನ್ನ ಹತ್ತಿರ ಉತ್ತರವಿರಲಿಲ್ಲ. ಅವರೇ ಮುಂದುವರಿಸಿದರು. "ನಿಮ್ಮಪ್ಪ ಕಡ್ಲೇಕಾಯಿ ಚೀಲ ಎರಡು ಹಾಕ್ಕೊಂಡು ಮಂಡಿಗೆ ಬರೋರು. ಇಪ್ಪತ್ತು ವರ್ಷದಾಗೆ ಒಂದು ಸಲನೂ ನಾನು ಅವರ ಸೈಕಲ್ಲಿಗೆ ಅಚ್ಚು ಹಾಕಿಲ್ಲ ಕಣಯ್ಯ."

ಲೆಕ್ಕ ಹಾಕಿದೆ. ಅಪ್ಪ 60 ಕಿಲೊ, ಚೀಲ ಎರಡಕ್ಕೆ 70 ಹಿಡಿಯೋಣ. 130 ಆಯಿತು. ಹಬ್ಬಕ್ಕೆ ಅಜ್ಜಿ ಊರಿಗೆ ಹೋಗುವಾಗ ಕ್ಯಾರಿಯರ್ ಮೇಲೆ ಅಮ್ಮ, ಅಮ್ಮನ ತೊಡೆ ಮೇಲೆ ತಂಗಿ, ಮುಂದಿನ ಬಾರಿನ ಮೇಲೆ ಟವೆಲ್ ಸುತ್ತಿ ನಾನು. ಅದೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದರೆ 104 ಕಿಲೊ ಭಾರಿ ತೂಕವೇನಲ್ಲ. ನಮ್ಮ ಕಡೆಯ ಸೈಕಲ್ಲುಗಳು ಇದಕ್ಕಿಂತ ಹೆಚ್ಚು ಹೊತ್ತುಕೊಂಡೇ ನೂರು ವರ್ಷ ಓಡಿವೆ. ಮತ್ತೆ ಬದಲಾಗಿದ್ದೇನು?

ಇದನ್ನು ಹುಡುಕುತ್ತಾ ಹೋಗಿದ್ದರ ಫಲ ಈ ಬರಹ. ನಮ್ಮ ಬಳಗದ ಗೆಳೆಯರು "ಬರ ಪರಿಹಾರದ ಸ್ಟೋರಿ ಬಿಟ್ಟು ಹಬ್ ಮೇಲೆ ಬರೀತಾ ಕೂತಿದೀಯಾ" ಅಂತ ಬೈದರೆ ಬೈಯಲಿ.

ಮೊದಲು ಹಬ್ ಅಂದರೆ ಏನು ಅನ್ನುವುದು. ಎತ್ತಿನ ಗಾಡಿ ನೋಡಿದವರಿಗೆ ಬೇಗ ಗೊತ್ತಾಗುತ್ತದೆ. ಗಾಡಿ ಚಕ್ರದ ನಡುವೆ ಮರದ ಗುಂಬ ಇರುತ್ತದೆ, ಅದರೊಳಗೆ ಅಚ್ಚು ಹೋಗುತ್ತದೆ. ಗುಂಬ ತಿರುಗುತ್ತದೆ, ಅಚ್ಚು ತಿರುಗುವುದಿಲ್ಲ. ಅವೆರಡು ಉಜ್ಜಿ ಸವೆಯದಿರಲಿ ಎಂದು ಕೀಲೆಣ್ಣೆ ಹಾಕುತ್ತಿದ್ದರು: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ್ದು, ಗಾಡಿ ಕೆಳಗೆ ಗೊಟ್ಟದಲ್ಲಿ ನೇತಾಡುತ್ತಿತ್ತು. ಸೈಕಲ್ಲಿನ ಹಬ್ ಅಂದರೆ ಇದೇ ಗುಂಬ, ಕಬ್ಬಿಣದ್ದು. ಅಚ್ಚು ಅದೇ ಅಚ್ಚು. ನಡುವೆ ಉಜ್ಜುವ ಬದಲು ಉರುಳುವ ಗುಂಡುಗಳು ಬಂದಿವೆ. ಇಡೀ ವ್ಯತ್ಯಾಸ ಆ ಗುಂಡುಗಳದ್ದು.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಪೆಡಲ್ ಸೈಕಲ್ ಓಡಲು ಶುರುವಾದಾಗ ಗುಂಡುಗಳಿರಲಿಲ್ಲ. ಮರದ ಚಕ್ರ, ಕಬ್ಬಿಣದ ಪಟ್ಟಿ, ಲೋಹದ ಮೇಲೆ ಲೋಹ ಉಜ್ಜುವ ಅಚ್ಚು. ಇಂಗ್ಲಿಷಿನವರು ಅದಕ್ಕೆ ಮೂಳೆ ಅಲ್ಲಾಡಿಸುವ ಗಾಡಿ ಅಂತಲೇ ಹೆಸರಿಟ್ಟರು. 1869ರಲ್ಲಿ ಜೂಲ್ ಸುರಿರೇ ಎಂಬ ಫ್ರೆಂಚ್ ಕುಶಲಕರ್ಮಿ ಸೈಕಲ್ ಚಕ್ರಕ್ಕೆ ಬಾಲ್ ಬೇರಿಂಗ್ ಹಾಕುವುದಕ್ಕೆ ಪೇಟೆಂಟ್ ಪಡೆದ. ಅದೇ ವರ್ಷ ನವೆಂಬರ್‌ನಲ್ಲಿ ಪ್ಯಾರಿಸ್‌ನಿಂದ ರೂಆನ್ ಪಟ್ಟಣಕ್ಕೆ 120 ಕಿಲೋಮೀಟರ್ ದಾಟಿದ ರೇಸು ನಡೆಯಿತು. ಗೆದ್ದ ಜೇಮ್ಸ್ ಮೂರ್ ಓಡಿಸಿದ್ದು ಅಂಥ ಬೇರಿಂಗ್ ಇದ್ದ ಸೈಕಲ್. ಹತ್ತು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಈಗ ಇದು ನಿಧಾನ ಅನ್ನಿಸಬಹುದು, ಆ ಸೈಕಲ್ಲನ್ನೊಮ್ಮೆ ಚಿತ್ರದಲ್ಲಾದರೂ ನೋಡಿ, ಆಮೇಲೆ ಹೇಳಿ.

ಆದರೆ ಗುಂಡು ಹಾಕುವುದು ಸುಲಭ, ಒಂದೇ ಅಳತೆಯ ಗುಂಡು ಮಾಡುವುದು ಕಷ್ಟ. ಹತ್ತು ಗುಂಡಿನಲ್ಲಿ ಒಂದು ಕೂದಲೆಳೆಯಷ್ಟು ದೊಡ್ಡದಿದ್ದರೂ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಅದು ಬಿರುಕು ಬಿಟ್ಟು ಉಳಿದವನ್ನೂ ಕೆಡಿಸುತ್ತದೆ. ಇದನ್ನು ಬಿಡಿಸಿದವನು ಜರ್ಮನಿಯ ಶ್ವೈನ್‌ಫರ್ಟ್ ಊರಿನ ಫ್ರೀಡ್ರಿಕ್ ಫಿಶರ್. 1883ರಲ್ಲಿ ಉಕ್ಕಿನ ಗುಂಡುಗಳನ್ನು ಒಂದೇ ಸಮ ದುಂಡಗೆ, ಒಂದೇ ಅಳತೆಗೆ, ರಾಶಿಗಟ್ಟಲೆ ಅರೆದು ಕೊಡುವ ಯಂತ್ರ ಮಾಡಿದ. ಅಗ್ಗದ ಸೈಕಲ್ ಅಂತ ಒಂದು ಸಾಧ್ಯವಾಗಿದ್ದರಲ್ಲಿ ಈ ಯಂತ್ರದ ಪಾಲು ದೊಡ್ಡದು. ನಮ್ಮ ಬಸ್ ಸ್ಟ್ಯಾಂಡ್ ಯಜಮಾನರಿಗೆ ಫಿಶರ್ ಹೆಸರು ಗೊತ್ತಿಲ್ಲ, ಆದರೆ ಅವರ ಶಾಪಿನಲ್ಲಿ ಒಂದು ಕಾನೂನಿದೆ. ಗುಂಡು ಬದಲಾಯಿಸಿದರೆ ಎಲ್ಲವನ್ನೂ ಬದಲಾಯಿಸಬೇಕು, ಹಳೆಯದರ ಜೊತೆ ಹೊಸದು ಬೆರೆಸಕೂಡದು. ಯಾಕೆ ಅಂದರೆ, "ಹೊಸಾದು ದಪ್ಪ ಇರುತ್ತೆ, ಅದೊಂದೇ ಹೊರುತ್ತೆ, ಒಡೆಯುತ್ತೆ." ಫಿಶರ್ ತಲೆ ಕೆಡಿಸಿಕೊಂಡಿದ್ದೂ ಇದಕ್ಕೇ.

ಆ ಹೊತ್ತಿಗೆ ಹಬ್‌ನ ರೂಪ ಹೆಚ್ಚುಕಡಿಮೆ ನಿಂತಿತ್ತು, ಇವತ್ತಿಗೂ ಅಗ್ಗದ ಸೈಕಲ್ಲಿನಲ್ಲಿ ಅದೇ ಇದೆ. ಹಬ್‌ನ ಎರಡೂ ತುದಿಯಲ್ಲಿ ಒಂದೊಂದು ಕಪ್ಪು, ಅಚ್ಚಿನ ಮೇಲೆ ಮರೆ ಕೊರೆದು ಕೂರಿಸಿದ ಒಂದೊಂದು ಕೋನು, ನಡುವೆ ಗ್ರೀಸಿನಲ್ಲಿ ಮುಳುಗಿದ ಗುಂಡುಗಳು. ಹಿಂದಿನ ಚಕ್ರದಲ್ಲಿ ಕಾಲು ಅಂಗುಲದ ಗುಂಡು, ಒಂದು ಕಡೆಗೆ ಒಂಬತ್ತು. ಮುಂದಿನ ಚಕ್ರದಲ್ಲಿ ಅದಕ್ಕಿಂತ ಸಣ್ಣವು, ಹತ್ತು. ಕೋನನ್ನು ಪಾನಾದಲ್ಲಿ ತಿರುಗಿಸಿದರೆ ಬಿಗಿ ಹೆಚ್ಚುಕಡಿಮೆ ಮಾಡಬಹುದು. ಯಾವ ಊರಿನ ಯಾವ ಮರದ ಕೆಳಗೆ ಬೇಕಾದರೂ ಬಿಚ್ಚಬಹುದು, ಸೀಮೆಎಣ್ಣೆಯಲ್ಲಿ ತೊಳೆಯಬಹುದು, ಮತ್ತೆ ಕೂರಿಸಬಹುದು. ನಮ್ಮ ಕಡೆ ಇದಕ್ಕೆ ಓವರಾಯ್ಲಿಂಗ್ ಅಂತ ಹೆಸರು. ಓವರ್‌ಹಾಲ್ ಅನ್ನುವ ಇಂಗ್ಲಿಷ್ ಪದ ಹೀಗಾಗಿದೆ ಅಂತ ನಗುವವರುಂಟು. ಆಯಿಲ್ ಹಾಕುವ ಕೆಲಸಕ್ಕೆ ಓವರಾಯ್ಲಿಂಗ್ ಅನ್ನುವುದೇ ಸರಿ ಅಂತ ನನ್ನ ವಾದ.

ನಮ್ಮ ದೇಶಕ್ಕೆ ಈ ಹಬ್ ಬಂದದ್ದು ಇಂಗ್ಲೆಂಡಿನ ಕರೀ ಸೈಕಲ್ಲಿನ ಜೊತೆ. ರ್ಯಾಲಿ, ಹರ್ಕ್ಯುಲಿಸ್, ಬಿಎಸ್ಎ, ಫಿಲಿಪ್ಸ್. ರ್ಯಾಲಿ ಸೈಕಲ್ ಇದ್ದ ಮನೆಗೆ ಹೆಣ್ಣು ಕೊಡಲು ಯೋಚಿಸುತ್ತಿರಲಿಲ್ಲ ಅಂತ ಹಿರಿಯರು ಇನ್ನೂ ಹೇಳುತ್ತಾರೆ. ಸ್ವಾತಂತ್ರ್ಯದ ಆಚೀಚೆ ಕಾರ್ಖಾನೆಗಳು ಇಲ್ಲೇ ಎದ್ದವು. 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನೆಪತ್‌ನಲ್ಲಿ ಅಟ್ಲಾಸ್, ಆಸನ್‌ಸೋಲ್‌ನಲ್ಲಿ ಸೆನ್-ರ್ಯಾಲೆ, 1956ರಲ್ಲಿ ಲೂಧಿಯಾನದಲ್ಲಿ ಹೀರೊ. ಹೀರೊ ಕಟ್ಟಿದ ಮುಂಜಾಲ್ ಸಹೋದರರು ಈಗಿನ ಪಾಕಿಸ್ತಾನದ ಕಮಾಲಿಯಾದಿಂದ ಬಂದವರು. ಸೈಕಲ್ ಮಾಡುವುದಕ್ಕೆ ಮೊದಲು ಸೈಕಲ್ ಬಿಡಿಭಾಗಗಳ ವ್ಯಾಪಾರ ಮಾಡುತ್ತಿದ್ದರು. 1986ರಲ್ಲಿ ಅವರ ಕಂಪನಿ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ಮಾಡುವ ಕಂಪನಿ ಎಂದು ಗಿನ್ನೆಸ್ ದಾಖಲೆಗೆ ಸೇರಿತು. ಲೂಧಿಯಾನದ ಗಲ್ಲಿಗಳಲ್ಲಿ ಹಬ್, ಕೋನು, ಫ್ರೀವೀಲ್ ಮಾಡುವ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು ಬೆಳೆದವು.

ಅವರೆಲ್ಲ ಇಂಗ್ಲಿಷ್ ಸೈಕಲ್ಲಿನ ಅಳತೆಯನ್ನೇ ಉಳಿಸಿಕೊಂಡರು. 28 ಅಂಗುಲದ ಚಕ್ರ, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ. ಹಿಂದಿನ ಚಕ್ರಕ್ಕೆ ಎಂಟು ಕಡ್ಡಿ ಹೆಚ್ಚು ಕೊಟ್ಟದ್ದು ಸುಮ್ಮನೆ ಅಲ್ಲ. ಕೂತವನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಕ್ಕೇ ಬೀಳುತ್ತದೆ, ಕ್ಯಾರಿಯರ್ ಮೇಲೆ ಇಟ್ಟದ್ದು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ. ಹಳೆಯ ಹಬ್‌ಗಳ ನಡುವೆ ಎಣ್ಣೆ ಬಿಡಲು ಒಂದು ತೂತು, ಅದರ ಮೇಲೆ ಸ್ಪ್ರಿಂಗಿನಂಥ ಪಟ್ಟಿ ಇರುತ್ತಿತ್ತು. ನಾವು ಹುಡುಗರು ಹಬ್‌ಗೆ ಬಣ್ಣದ ಉಲ್ಲನ್ನಿನ ಹೂವಿನ ಬಳೆ ಹಾಕುತ್ತಿದ್ದೆವಲ್ಲ, ಅಂದಕ್ಕೆ ಅಂದ, ಜೊತೆಗೆ ಅದು ತಿರುಗುತ್ತಾ ಹಬ್ ಒರೆಸಿ ಧೂಳು ಕೂರದಂತೆ ನೋಡಿಕೊಳ್ಳುತ್ತಿತ್ತು.

ಈ ಜಾತಿಯ ಹಬ್ ಎಷ್ಟು ಹೊರುತ್ತದೆ ಎಂಬುದಕ್ಕೆ ದೊಡ್ಡ ಪರೀಕ್ಷೆ ನಡೆದದ್ದು ವಿಯೆಟ್ನಾಂನಲ್ಲಿ. 1954ರ ದಿಯನ್ ಬಿಯನ್ ಫು ಯುದ್ಧದಲ್ಲಿ ಫ್ರೆಂಚರನ್ನು ಮುತ್ತಿದ ಜನರಲ್ ವೋ ಗುಯೆನ್ ಜಿಯಾಪ್‌ನ ಸೈನ್ಯಕ್ಕೆ ಕಾಡು ಬೆಟ್ಟದ ದಾರಿಯಲ್ಲಿ ಅಕ್ಕಿ, ಮದ್ದುಗುಂಡು ಸಾಗಿಸಿದ್ದರಲ್ಲಿ ಸುಮಾರು 20 ಸಾವಿರ ಸೈಕಲ್ಲುಗಳ ಪಾಲಿತ್ತು. ಬಹಳಷ್ಟು ಫ್ರಾನ್ಸಿನಲ್ಲೇ ತಯಾರಾದ ಪೂಜೋ ಸೈಕಲ್ಲುಗಳು ಅನ್ನುವುದು ತಮಾಷೆ. ಹ್ಯಾಂಡಲ್ಲಿಗೊಂದು, ಸೀಟಿನ ಕೆಳಗೊಂದು ಬಿದಿರು ಕಟ್ಟಿ, ಪೆಡಲ್ ತುಳಿಯದೆ ತಳ್ಳಿಕೊಂಡು ಹೋದರು. ಒಂದು ಸೈಕಲ್ಲಿಗೆ 200 ಕಿಲೊ ಮಾಮೂಲು, 300 ದಾಟಿಸಿದವರೂ ಇದ್ದರು. ಅಷ್ಟು ದೂರ ಯಾಕೆ, ಜಾರ್ಖಂಡ್‌ನಲ್ಲಿ ಸೈಕಲ್ಲಿನ ಎರಡೂ ಕಡೆ ಕಲ್ಲಿದ್ದಲ ಚೀಲ ಕಟ್ಟಿ ತಳ್ಳುವವರು ಇವತ್ತಿಗೂ 200 ಕಿಲೊ ಹೇರುತ್ತಾರೆ.

ಇಲ್ಲಿ ಒಂದು ಎಚ್ಚರ ಬೇಕು. ತಳ್ಳುವ ಸೈಕಲ್ಲಿಗೂ ತುಳಿಯುವ ಸೈಕಲ್ಲಿಗೂ ವ್ಯತ್ಯಾಸ ಇದೆ. ತಳ್ಳುವಾಗ ನಡಿಗೆಯ ವೇಗ, ಗುಂಡಿಗೆ ಧಡ್ ಅಂತ ಬೀಳುವುದಿಲ್ಲ. ಭಾರ ಎರಡು ಚಕ್ರದ ನಡುವೆ ತಗ್ಗಿನಲ್ಲಿ ತೂಗುತ್ತದೆ. ಎಲ್ಲಕ್ಕಿಂತ ಮುಖ್ಯ, ಚೈನಿನ ಎಳೆತ ಇರುವುದಿಲ್ಲ. ಆದ್ದರಿಂದ "ವಿಯೆಟ್ನಾಂನಲ್ಲಿ 300 ಕಿಲೊ ಹೊತ್ತಿತು, ನನ್ನ 104 ಯಾಕೆ ಹೊರಲಿಲ್ಲ" ಅಂತ ಕೇಳುವುದು ಪೂರ್ತಿ ನ್ಯಾಯವಲ್ಲ. ಅಪ್ಪನ ಕಡಲೇಕಾಯಿ ಚೀಲ ಮಾತ್ರ ನ್ಯಾಯವಾದ ಹೋಲಿಕೆ. ಅವರು ತುಳಿದೇ ಬರುತ್ತಿದ್ದರು.

ಅದಕ್ಕೆ ಎರಡೂ ಅಚ್ಚುಗಳನ್ನು ಪಕ್ಕಪಕ್ಕ ಇಟ್ಟು ಅಳೆದೆವು. ಅಪ್ಪನ ಕಾಲದ ಸೈಕಲ್ಲಿನ ಹಿಂದಿನ ಅಚ್ಚು ಇಂಗ್ಲಿಷ್ ಅಳತೆಯ 3/8 ಅಂಗುಲ, ಅಂದರೆ 9.5 ಮಿಲಿಮೀಟರ್. ನನ್ನ ಗೇರ್ ಸೈಕಲ್ಲಿನದು 10 ಮಿಲಿಮೀಟರ್. ಹೊಸದೇ ದಪ್ಪ! ಹಳೇ ಕಾಲದ ಸಾಮಾನು ದಪ್ಪ ಇರುತ್ತಿತ್ತು, ಅದಕ್ಕೇ ಗಟ್ಟಿ ಅಂತ ನಾನು ತಿಳಿದಿದ್ದು ಅಲ್ಲಿಗೆ ಮುಗಿಯಿತು.

ವ್ಯತ್ಯಾಸ ಇದ್ದದ್ದು ದಪ್ಪದಲ್ಲಲ್ಲ, ಗುಂಡುಗಳು ಕೂತ ಜಾಗದಲ್ಲಿ. ಕರೀ ಸೈಕಲ್ಲಿನಲ್ಲಿ ಬಲಗಡೆ ಗುಂಡುಗಳಿಂದ ಫ್ರೇಮಿನ ಕಿವಿಯವರೆಗೆ, ಅಂದರೆ ನಟ್ಟು ಬಿಗಿಯುವ ಜಾಗದವರೆಗೆ, ಸ್ಕೇಲ್ ಹಿಡಿದರೆ 25 ಮಿಲಿಮೀಟರ್ ಆಸುಪಾಸು. ಆ ಜಾಗದಲ್ಲಿ ಒಂದೇ ಹಲ್ಲುಚಕ್ರದ ಫ್ರೀವೀಲ್ ಕೂರುತ್ತದೆ. ನನ್ನ ಸೈಕಲ್ಲಿನಲ್ಲಿ ಅದೇ ಜಾಗದಲ್ಲಿ ಏಳು ಹಲ್ಲುಚಕ್ರ ಕೂರಬೇಕು. ಹಾಗಾಗಿ ಗುಂಡುಗಳು ಒಳಗೇ ಉಳಿದು ಕಿವಿ ದೂರ ಸರಿದಿದೆ. ಅಲ್ಲಿ ಅಳೆದರೆ 45 ಮಿಲಿಮೀಟರ್. ಅಷ್ಟು ಉದ್ದಕ್ಕೆ ಅಚ್ಚಿಗೆ ಒಳಗಿಂದ ಯಾವ ಆಸರೆಯೂ ಇಲ್ಲ. ಹುಣಸೆ ಮರದ ಕೊಂಬೆಗೆ ಉಯ್ಯಾಲೆ ಕಟ್ಟುವಾಗ ಕಾಂಡದ ಹತ್ತಿರ ಕಟ್ಟುತ್ತೇವೆ, ತುದಿಗಲ್ಲ. ಕೂರುವ ಹುಡುಗಿ ಅವಳೇ, ಹಗ್ಗ ಅದೇ, ಕೊಂಬೆ ಅದೇ. ದೂರ ಎರಡರಷ್ಟಾದರೆ ಕೊಂಬೆಯ ಬುಡಕ್ಕೆ ಬೀಳುವ ಬಾಗಿಸುವ ಬಲವೂ ಎರಡರಷ್ಟಾಗುತ್ತದೆ. ಎಡಗಡೆ ಹಲ್ಲುಚಕ್ರ ಇಲ್ಲ, ಗುಂಡು ಕಿವಿಗೆ ಹತ್ತಿರ. ಯಜಮಾನರ ಪ್ರಶ್ನೆಗೆ ಉತ್ತರ ಅದೇ.

ಇದರ ಮೇಲೆ ಚೈನಿನ ಎಳೆತ. ಏರಿನಲ್ಲಿ ಸೀಟಿನಿಂದ ಎದ್ದು ಪೂರ್ತಿ ಭಾರವನ್ನು ಒಂದೇ ಪೆಡಲ್ಲಿಗೆ ಹಾಕುತ್ತೇವಲ್ಲ, ಆಗಿನ ಲೆಕ್ಕ ನೋಡಿ. ಪೆಡಲ್ಲಿನ ತೋಳು 170 ಮಿಲಿಮೀಟರ್. ಕರೀ ಸೈಕಲ್ಲಿನ 44 ಹಲ್ಲಿನ ಮುಂಚಕ್ರದ ಅರೆಯಗಲ 89. ನೂರು ಕಿಲೊ ಮನುಷ್ಯ ನಿಂತರೆ ಚೈನಿನಲ್ಲಿ 190 ಕಿಲೊ ಎಳೆತ. ಗೇರ್ ಸೈಕಲ್ಲಿನಲ್ಲಿ ಏರಿಗೆಂದು ಸಣ್ಣ ಮುಂಚಕ್ರಕ್ಕೆ, 28 ಹಲ್ಲಿನದಕ್ಕೆ, ಹಾಕಿದರೆ ಅದರ ಅರೆಯಗಲ 57 ಅಷ್ಟೇ. ಎಳೆತ 300 ಕಿಲೊ ಆಗುತ್ತದೆ. ಕಾಲಿಗೆ ಹಗುರವಾಗಿದ್ದು ಅಚ್ಚಿಗೆ ಭಾರ. ಆ ಎಳೆತ ಬೀಳುವುದೂ ಬಲಗಡೆ ಗುಂಡುಗಳಾಚೆಗೆ. ನನ್ನ ಅಚ್ಚು ತುಂಡಾದದ್ದು ಕೆರೆ ಏರಿ ಹತ್ತುವಾಗ, ಎದ್ದು ನಿಂತು ತುಳಿಯುವಾಗ.

ಹಾಗಾದರೆ ಇದು ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು, ಬಹಳ ಹಿಂದೆಯೇ. ಗೇರ್ ಬದಲಿಸುವ ಡಿರೇಲರ್ ಯಂತ್ರವನ್ನು ಟೂರ್ ಡಿ ಫ್ರಾನ್ಸ್ ರೇಸಿನಲ್ಲಿ ಒಪ್ಪಿಕೊಂಡಿದ್ದು 1937ರಲ್ಲಿ. ಆಮೇಲೆ ಹಿಂದಿನ ಹಲ್ಲುಚಕ್ರಗಳ ಸಂಖ್ಯೆ ಮೂರು, ನಾಲ್ಕು, ಐದು, ಆರು ಎಂದು ಏರುತ್ತಾ ಬಂತು. ಪ್ರತಿ ಸಲವೂ ಮಾಡಿದ್ದು ಒಂದೇ: ಕಿವಿಗಳ ನಡುವಿನ ಅಗಲ ಹೆಚ್ಚಿಸುವುದು. ಕರೀ ಸೈಕಲ್ಲಿಗೆ 110 ಮಿಲಿಮೀಟರ್ ಆಸುಪಾಸು ಇದ್ದ ಅಗಲ ಐದು ಚಕ್ರಕ್ಕೆ 120, ಆರಕ್ಕೆ 126, ಬೆಟ್ಟ ಹತ್ತುವ ಸೈಕಲ್ಲಿಗೆ 135 ಆಯಿತು. ಗುಂಡುಗಳು ಮಾತ್ರ ಕೂತಲ್ಲೇ ಕೂತವು, ಯಾಕೆಂದರೆ ಫ್ರೀವೀಲನ್ನು ಹಬ್‌ನ ಮೈಗೆ ಹೊರಗಿನಿಂದ ತಿರುಪಿನಂತೆ ಹಾಕುವ ಪದ್ಧತಿಯನ್ನು ಯಾರೂ ಬಿಡಲಿಲ್ಲ. ಆ ಪದ್ಧತಿ ಒಂದು ಹಲ್ಲುಚಕ್ರದ ಕಾಲದ್ದು.

ಬಿಡುವ ದಾರಿ ಎದುರಿಗೇ ಇತ್ತು. ಇಂಗ್ಲೆಂಡಿನ ಬೇಲಿಸ್-ವೈಲಿ ಕಂಪನಿ 1930ರ ದಶಕದಲ್ಲೇ ಫ್ರೀವೀಲನ್ನು ಹಬ್‌ನ ಜೊತೆಗೇ ಸೇರಿಸಿದ ಹಬ್ ಮಾಡಿತ್ತು, ಅದು ಹೆಚ್ಚು ಓಡಲಿಲ್ಲ. ಅದನ್ನು ಗೆಲ್ಲಿಸಿದ್ದು ಜಪಾನಿನ ಶಿಮಾನೊ. ಸಕಾಯ್ ಊರಿನಲ್ಲಿ 1921ರಲ್ಲಿ ಶುರುವಾದ ಆ ಕಂಪನಿಯ ಮೊದಲ ಸರಕೇ ಫ್ರೀವೀಲ್. 1978ರಲ್ಲಿ ಅವರು ಫ್ರೀಹಬ್ ಎಂಬುದನ್ನು ತಂದರು. ಅದರಲ್ಲಿ ಹಲ್ಲುಚಕ್ರಗಳು ಕೂರುವ ಕೊಳವೆ ಹಬ್‌ನ ಭಾಗವೇ ಆಗಿರುತ್ತದೆ, ಬಲಗಡೆಯ ಗುಂಡುಗಳು ಆ ಕೊಳವೆಯ ಹೊರತುದಿಗೆ, ಕಿವಿಯ ಹತ್ತಿರಕ್ಕೆ ಬಂದು ಕೂರುತ್ತವೆ. ಹಲ್ಲುಚಕ್ರಗಳ ಒಳಗಡೆಯೂ ಆಸರೆ ಸಿಕ್ಕಿತು. ಅಚ್ಚು ಅದೇ 10 ಮಿಲಿಮೀಟರ್, ಉಕ್ಕೂ ಅದೇ, ಬಾಗುವುದು ಹೆಚ್ಚುಕಡಿಮೆ ನಿಂತೇ ಹೋಯಿತು.

ಇನ್ನೊಂದು ದಾರಿ ಅಚ್ಚನ್ನೇ ದಪ್ಪ ಮಾಡುವುದು. ಹಾರಿ ಕುಣಿಯುವ ಬಿಎಂಎಕ್ಸ್ ಸೈಕಲ್ಲಿಗೆ 14 ಮಿಲಿಮೀಟರ್ ಅಚ್ಚು ಬಂದದ್ದು ಹೀಗೆ. ಗಟ್ಟಿತನ ದಪ್ಪದ ಘನದಷ್ಟು ಏರುತ್ತದೆ. 10ರಿಂದ 14ಕ್ಕೆ ಹೋದರೆ ಸುಮಾರು ಎರಡೂಮುಕ್ಕಾಲು ಪಟ್ಟು. ನಾಲ್ಕು ಮಿಲಿಮೀಟರ್ ಉಕ್ಕಿಗೆ ಎಷ್ಟು ಖರ್ಚು ಬಂದೀತು?

ಹಾಗಾದರೆ ಹೊಸ ಅಗ್ಗದ ಗೇರ್ ಸೈಕಲ್ಲಿನಲ್ಲಿ ಇವತ್ತೂ ತಿರುಪಿನ ಫ್ರೀವೀಲೇ ಯಾಕೆ? ಅದು ಅಗ್ಗ, ಅಷ್ಟೇ. ಹಬ್ ಒಂದು ಕಡೆ, ಫ್ರೀವೀಲ್ ಒಂದು ಕಡೆ ಮಾಡಿಸಿ ತಂದು ಕೂಡಿಸಬಹುದು. 60-70 ಕಿಲೊ ಇರುವ ಹುಡುಗ ನಯವಾದ ರಸ್ತೆಯಲ್ಲಿ ಓಡಿಸಿದರೆ ಅದು ತಡೆಯುತ್ತದೆ, ಸುಳ್ಳಲ್ಲ. ನೂರು ಕಿಲೊ ಆಸುಪಾಸಿನ ಮಿತಿಯನ್ನು ಎಷ್ಟೋ ಕಂಪನಿಗಳು ಜೊತೆಗೆ ಕೊಡುವ ಪುಸ್ತಕದಲ್ಲಿ ಬರೆದಿರುತ್ತವೆ. ನನಗೆ ಬೇಜಾರಾದದ್ದು ಬೇರೆ. ಅಂಗಡಿಯಲ್ಲಿ ಕೊಳ್ಳುವಾಗ ಆ ಪುಸ್ತಕವನ್ನು ಯಾರೂ ತೆಗೆದು ತೋರಿಸುವುದಿಲ್ಲ, ಮುರಿದಾಗ ಮಾತ್ರ ತೂಕದ ಮಾತು ಬರುತ್ತದೆ. ಗೇರ್ ಇರುವ ಸೈಕಲ್ ಇಲ್ಲದ್ದಕ್ಕಿಂತ ಗಟ್ಟಿ ಅಂತಲೇ ಎಲ್ಲರೂ ತಿಳಿದಿರುತ್ತಾರೆ. ದಪ್ಪ ಟೈರು, ದಪ್ಪ ಫ್ರೇಮು ಕಣ್ಣಿಗೆ ಕಾಣುತ್ತದೆ. ಒಳಗಿನ ಗುಂಡು ಎಲ್ಲಿ ಕೂತಿದೆ ಅನ್ನುವುದು ಕಾಣುವುದಿಲ್ಲ. ನಮ್ಮೂರಿನ ಹಾಲಿನವನೊಬ್ಬ ಹಳೇ ಸೈಕಲ್ ಗುಜರಿಗೆ ಹಾಕಿ ಇಂಥದ್ದೇ ಗೇರ್ ಸೈಕಲ್ ತಂದ, ಎರಡು ಕ್ಯಾನು ಕಟ್ಟಿದ. ಒಂದೇ ಮಳೆಗಾಲ. ಈಗ ಕಂತಿನ ಮೇಲೆ ಮೊಪೆಡ್ ತಂದಿದ್ದಾನೆ.

ಅಚ್ಚಿನ ಜೊತೆ ಕಡ್ಡಿಗಳ ಕಥೆಯೂ ಸೇರಿಕೊಂಡಿದೆ, ಚಿಕ್ಕದಾಗಿ ಹೇಳುತ್ತೇನೆ. ಏಳು ಹಲ್ಲುಚಕ್ರಕ್ಕೆ ಜಾಗ ಬಿಡಬೇಕೆಂದು ಹಬ್‌ನ ಬಲಗಡೆ ಅಂಚು ಒಳಕ್ಕೆ ಸರಿದಿರುತ್ತದೆ. ಆ ಕಡೆಯ ಕಡ್ಡಿಗಳು ನೆಟ್ಟಗೆ ನಿಲ್ಲುತ್ತವೆ, ಎಡಗಡೆಯವಕ್ಕಿಂತ ಹೆಚ್ಚು ಬಿಗಿಯಾಗಿರಬೇಕಾಗುತ್ತದೆ. ಒಟ್ಟು ಕಡ್ಡಿ 40 ಅಲ್ಲ, 36. ಭಾರದ ಮನುಷ್ಯ ಕೂತರೆ ಎಡಗಡೆಯ ಸಡಿಲ ಕಡ್ಡಿಗಳು ಪ್ರತಿ ಸುತ್ತಿಗೂ ಬಿಗಿ ಕಳೆದುಕೊಂಡು ಮತ್ತೆ ಬಿಗಿಯಾಗುತ್ತಾ ಕೊನೆಗೆ ಹಬ್‌ನ ತೂತಿನ ಹತ್ತಿರ, ಬಾಗಿದ ಮೊಣಕೈಯಲ್ಲಿ, ತುಂಡಾಗುತ್ತವೆ. ರಿಮ್ ಔಟ್ ಆಗುತ್ತದೆ. ಬೆಂಡ್ ತೆಗೆಸಿ ತೆಗೆಸಿ ಸಾಕಾಗುತ್ತದೆ.

ಯಜಮಾನರ ಹತ್ತಿರ ಕಲಿತ ಒಂದೆರಡು ವಿಷಯ ಇಲ್ಲೇ ಬರೆದಿಡುತ್ತೇನೆ, ನನ್ನಂಥ ಮೈಯವರಿಗೆ ಬೇಕಾದೀತು. ಅಚ್ಚು ಬಾಗಿದೆಯೇ ಅಂತ ನೋಡಲು ಅವರು ಅದನ್ನು ಬಿಚ್ಚಿ ಶೋಕೇಸಿನ ಗಾಜಿನ ಮೇಲೆ ಉರುಳಿಸುತ್ತಾರೆ. ನೆಟ್ಟಗಿದ್ದರೆ ಸದ್ದಿಲ್ಲದೆ ಉರುಳುತ್ತದೆ, ಬಾಗಿದ್ದರೆ ಕುಂಟುತ್ತದೆ. ಬಾಗಿದ ಅಚ್ಚನ್ನು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿ ಮತ್ತೆ ಹಾಕುವವರಿದ್ದಾರೆ, ಹಾಕಿಸಬೇಡಿ. ನನ್ನ ಎರಡನೇ ಅಚ್ಚಿಗೆ ಬೇರೆ ಕಡೆ ಹಾಗೆ ಮಾಡಿದ್ದರು, ಮುರಿದದ್ದು ಅದೇ. ಬಾಗಿದ ಅಚ್ಚಿನ ಮೇಲೆ ಕೋನು ಓರೆಯಾಗಿ ಕೂತು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗುತ್ತದೆ, ಗುಂಡುಗಳು ಕೋನನ್ನು ಕೊರೆಯುತ್ತವೆ. ಇನ್ನೊಂದು: ಕೋನು ತಿರುಗುವುದಿಲ್ಲ, ಆದ್ದರಿಂದ ಭಾರವನ್ನೆಲ್ಲ ಅದರ ಕೆಳಭಾಗ ಒಂದೇ ತಿನ್ನುತ್ತದೆ, ಸಣ್ಣ ಸಣ್ಣ ಗುಳಿ ಬೀಳುವುದೂ ಅಲ್ಲೇ. ಕಪ್ಪು ತಿರುಗುವುದರಿಂದ ಅದು ಸಮವಾಗಿ ಸವೆಯುತ್ತದೆ. ಓವರಾಯ್ಲಿಂಗ್ ಮಾಡಿ ಮತ್ತೆ ಕೂರಿಸುವಾಗ ಯಜಮಾನರು ಅಚ್ಚನ್ನು ಅರ್ಧ ಸುತ್ತು ತಿರುಗಿಸಿ ನಟ್ಟು ಬಿಗಿಯುತ್ತಾರೆ. ಸವೆಯದ ಬದಿ ಕೆಳಕ್ಕೆ ಬರಲಿ ಅಂತ. ಇದನ್ನು ಯಾವ ವೀಡಿಯೊದಲ್ಲೂ ನಾನು ನೋಡಿರಲಿಲ್ಲ.

ಹೊಸ ಅಚ್ಚು ಹಾಕಿಸಲೇ ಅಂತ ಕೇಳಿದೆ. "ಹಾಕ್ತೀನಿ, ಆರು ತಿಂಗಳಿಗೆ ಮತ್ತೆ ಬರ್ತೀಯ" ಅಂದರು. ಫ್ರೀಹಬ್ ಇರುವ ಚಕ್ರ ಕಟ್ಟಿಸಿದರೆ, ಹಬ್, ಹಲ್ಲುಚಕ್ರ, ಕಡ್ಡಿ ಎಲ್ಲ ದಾವಣಗೆರೆಯಿಂದಲೋ ಬೆಂಗಳೂರಿನಿಂದಲೋ ತರಿಸಬೇಕು. ಮೂರು ನಾಲ್ಕು ಸಾವಿರ ಆಗುತ್ತದೆ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಬರುವ ನನ್ನಂಥವನಿಗೆ ಅದು ಒಂದೇ ಏಟಿಗೆ ಆಗುವ ಖರ್ಚಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದರು, "ಅಪ್ಪನ ಸೈಕಲ್ ಎಲ್ಲೈತೆ?"

ಅದು ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ತೊಲೆಗೆ ಹಗ್ಗದಲ್ಲಿ ನೇತು ಹಾಕಿತ್ತು. ಅಪ್ಪ ಹೋಗಿ ಒಂಬತ್ತು ವರ್ಷ, ಅದಕ್ಕೂ ನಾಲ್ಕು ವರ್ಷ ಮೊದಲೇ ಅವರು ಸೈಕಲ್ ಬಿಟ್ಟಿದ್ದರು. ಅಮ್ಮ ಕೊಡಲು ಒಪ್ಪಲಿಲ್ಲ, ಆಮೇಲೆ ಅವರೇ ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಟೈರು ಎರಡೂ ಸೀಳಿದ್ದವು. ಹಬ್ ಮೇಲೆ ಬಣ್ಣ ಹೋದ ಉಲ್ಲನ್ನಿನ ಬಳೆ ಇನ್ನೂ ಇತ್ತು, ಅದು ನಾನೇ ಹಾಕಿದ್ದು.

ಯಜಮಾನರು ಹಿಂದಿನ ಹಬ್ ಬಿಚ್ಚಿದರು. ಗ್ರೀಸು ಒಣಗಿ ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಹದಿನೆಂಟು ಗುಂಡಿನಲ್ಲಿ ನಾಲ್ಕಕ್ಕೆ ತುಕ್ಕು ಹಿಡಿದಿತ್ತು, ಹದಿನೆಂಟನ್ನೂ ಬದಲಾಯಿಸಿದರು. ಬಲಗಡೆ ಕೋನಿನಲ್ಲಿ ಗುಳಿ ಬಿದ್ದಿತ್ತು, ಅದನ್ನೂ ಬದಲಾಯಿಸಿದರು. ಕಪ್ಪುಗಳು ಚೆನ್ನಾಗಿದ್ದವು. ಅಚ್ಚನ್ನು ಒರೆಸಿ ಗಾಜಿನ ಮೇಲೆ ಉರುಳಿಸಿದರು. ಸದ್ದಿಲ್ಲದೆ ಉರುಳಿಕೊಂಡು ಹೋಗಿ ಆ ಕಡೆ ಇಟ್ಟಿದ್ದ ಚಹಾ ಲೋಟಕ್ಕೆ ಟಣ್ ಅಂತ ತಾಗಿತು. ಟೈರು ಟ್ಯೂಬು ಬಿಟ್ಟು 350 ರೂಪಾಯಿ ತೆಗೆದುಕೊಂಡರು.

ಏಳು ತಿಂಗಳಿಂದ ಅದರಲ್ಲೇ ಓಡಾಡುತ್ತಿದ್ದೇನೆ. ಗೇರಿಲ್ಲ, ಕೆರೆ ಏರಿ ಬಂದಾಗ ಇಳಿದು ತಳ್ಳುತ್ತೇನೆ. ಹಿಂದಿನ ಚಕ್ರದಲ್ಲಿ ಒಂದು ಕಡ್ಡಿ ಹೋಗಿತ್ತು, ಹಾಕಿಸಿದೆ. ತೂಕ ಈಗ 99.